ಸರ್ವರ್ ಸತ್ತಿಲ್ಲ, ದಾರಿ ಕಡಿದಿದೆ

ಜಹೀರಾಬಾದಿಗೂ ಬೀದರಿಗೂ ನಡುವಿನ ಅಂತರ ಸುಮಾರು 30 ಕಿಲೋಮೀಟರು. ಆ ದಾರಿಯ ಮಧ್ಯೆ ರಾಜ್ಯದ ಗಡಿ. ಈಚೆ ಪಹಣಿ, ಆಚೆ ಪಟ್ಟಾದಾರ್ ಪಾಸ್‌ಬುಕ್ಕು. ಈಚೆ ನಾಡಕಚೇರಿ, ಆಚೆ ಮೀಸೇವಾ ಕೇಂದ್ರ. ಅರ್ಜಿಯ ನಮೂನೆ ಬೇರೆ, ಲಿಪಿ ಬೇರೆ, ಮೊಹರು ಬೇರೆ. ಒಂದು ಮಾತು ಮಾತ್ರ ಎರಡೂ ಕಡೆ ಒಂದೇ. ಅಲ್ಲಿಯ ಕಿಟಕಿಯಲ್ಲಿ ‘ಸರ್ವರ್ ಡೌನ್ ಉಂದಿ’, ಇಲ್ಲಿ ‘ಸರ್ವರ್ ಡೌನ್ ಅದ’, ಪೇಟೆಯ ದಖನಿಯಲ್ಲಿ ‘ಸರ್ವರ್ ಡೌನ್ ಹೈ’. ಸಾಲಿನಲ್ಲಿ ನಿಂತವರು ಮರುಮಾತಿಲ್ಲದೆ ಚದುರುತ್ತಾರೆ. ಸರ್ವರ್ ಎಂಬುದು ಎಲ್ಲಿದೆ, ಯಾರು ಅದನ್ನು ಕೆಡವಿದರು, ಯಾವಾಗ ಏಳುತ್ತದೆ ಎಂದು ಕೇಳುವವರಿಲ್ಲ. ಕೇಳಿದರೂ ಹೇಳುವವರಿಲ್ಲ.

ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಸೀಮೆಯ ಕನ್ನಡಿಗರಿಗೆ ದೂರದ ಕಚೇರಿಯ ಪಾಡು ಹೊಸದಲ್ಲ. 1956ರ ನವೆಂಬರ್ 1ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ್ ತಾಲ್ಲೂಕುಗಳು ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರ್ಗಿ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದ ದಿನ ಅವು ಆಂಧ್ರಪ್ರದೇಶಕ್ಕೆ ಹೋದವು, ನೆಂಟಸ್ತಿಕೆ ಮಾತ್ರ ಇತ್ತಲೇ ಉಳಿಯಿತು. ಇವತ್ತು ಮೊದಲೆರಡು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ. ಅಜ್ಜನ ಕಾಲದಲ್ಲಿ ಕಾಗದಪತ್ರಕ್ಕೆ ತಹಸೀಲಿಗೆ ಬಂಡಿ ಹೂಡಬೇಕಿತ್ತು. ಈಗ ಕಾಗದಪತ್ರವೆಲ್ಲ ಹೈದರಾಬಾದಿನದೋ ಬೆಂಗಳೂರಿನದೋ ಒಂದು ಯಂತ್ರದ ಹೊಟ್ಟೆಯಲ್ಲಿದೆ. ಕರ್ನಾಟಕದ ಭೂದಾಖಲೆ ಯೋಜನೆ ‘ಭೂಮಿ’ ಇದನ್ನು 2001ರ ಹೊತ್ತಿಗೇ ಶುರುಮಾಡಿತು. ತೆಲಂಗಾಣದಲ್ಲಿ 2020ರ ಅಕ್ಟೋಬರ್ 29ರಂದು ‘ಧರಣಿ’ ಬಂತು, 2025ರ ಏಪ್ರಿಲ್ 14ರಂದು ಅದರ ಜಾಗಕ್ಕೆ ‘ಭೂ ಭಾರತಿ’ ಬಂತು. ಬಂಡಿ ಹೂಡುವುದು ತಪ್ಪಿತು ನಿಜ. ಆದರೆ ಕಾಗದ ಕಣ್ಣಿಗೆ ಬೀಳಬೇಕಾದರೆ ಆ ಯಂತ್ರದವರೆಗಿನ ದಾರಿ ನೆಟ್ಟಗಿರಬೇಕು.

ದೂರದ ಯಂತ್ರವನ್ನು ಇಲ್ಲಿ ಕೂತು ತೆರೆಯುವ ಕೆಲಸ ಸೇವಾ ಕೇಂದ್ರದವರಿಗಷ್ಟೇ ಸೀಮಿತವಲ್ಲ. 2020ರ ಲಾಕ್‌ಡೌನಿನಲ್ಲಿ ಹೈದರಾಬಾದು, ಬೆಂಗಳೂರುಗಳಿಂದ ಊರಿಗೆ ಮರಳಿದ ಹುಡುಗ ಹುಡುಗಿಯರು ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕಂಪನಿಯ ಸರ್ವರಿಗೆ ಲಾಗಿನ್ ಆಗುವುದನ್ನು ರೂಢಿಸಿಕೊಂಡರು. ಅವರಿಗೂ ಸಿಕ್ಕಿದ್ದು ಅದೇ ಗೋಡೆ: ಕನೆಕ್ಟ್ ಆಗುತ್ತಿಲ್ಲ. ಈ ಎರಡು ಪದಗಳ ಒಳಗೆ ಐದಾರು ಬೇರೆ ಬೇರೆ ಕಾಯಿಲೆಗಳಿವೆ. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಬಹಳ ಸಲ ಸರ್ವರ್ ಗಟ್ಟಿಮುಟ್ಟಾಗಿಯೇ ಇರುತ್ತದೆ, ಕಡಿದದ್ದು ನಡುವಿನ ದಾರಿ. ಎಲ್ಲಿ ಕಡಿದಿದೆ ಎಂದು ಪತ್ತೆಹಚ್ಚುವುದಕ್ಕೆ ದೊಡ್ಡ ವಿದ್ಯೆ ಬೇಡ, ಕ್ರಮ ಬೇಕು.

ಮೊದಲು ನಮ್ಮ ಅಂಗಳ

ಕ್ರಮದ ಮೊದಲ ನಿಯಮ: ಹತ್ತಿರದಿಂದ ದೂರಕ್ಕೆ ನಡೆ. ಫೈಬರ್ ಸಂಪರ್ಕವಿದ್ದಲ್ಲಿ ಗೋಡೆಗೆ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಅದರ ಮುಖದಲ್ಲಿ ‘ಲಾಸ್’ ಎಂದು ಬರೆದ ದೀಪ ಕೆಂಪಗೆ ಮಿಣುಕುತ್ತಿದ್ದರೆ ಬೆಳಕಿನ ಎಳೆಯೇ ಕಡಿದಿದೆ ಎಂದರ್ಥ. ರಸ್ತೆ ಪಕ್ಕ ಜೆಸಿಬಿ ಅಗೆದಿರಬಹುದು, ಇಲಿ ಕಡಿದಿರಬಹುದು. ಆಗ ಪಾಸ್‌ವರ್ಡ್ ಬದಲಿಸಿ ಪ್ರಯೋಜನವಿಲ್ಲ, ಲೈನ್‌ಮ್ಯಾನ್‌ಗೆ ಫೋನ್ ಮಾಡುವುದೇ ಕೆಲಸ. ಕರೆಂಟ್ ಹೋದಾಗ ಕಂಪ್ಯೂಟರ್ ಯುಪಿಎಸ್ ಮೇಲೆ ನಡೆಯುತ್ತಿರುತ್ತದೆ, ರೌಟರ್ ಮಾತ್ರ ನೇರ ಗೋಡೆಯ ಪ್ಲಗ್ಗಿನಲ್ಲಿ ಸತ್ತು ಬಿದ್ದಿರುತ್ತದೆ. ಪರದೆ ಬೆಳಗುತ್ತಿರುವುದರಿಂದ ತಪ್ಪು ಅತ್ತಕಡೆಯದು ಎಂದು ತೋರುತ್ತದೆ.

ದೀಪಗಳು ಸರಿಯಿದ್ದರೆ ಮುಂದಿನ ಉಪಕರಣ ‘ಪಿಂಗ್’. 1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್ ಬರೆದ ಪುಟ್ಟ ಪ್ರೋಗ್ರಾಮ್ ಇದು. ಕೂಗು ಹಾಕಿ, ಓಗೊಡುವುದಕ್ಕೆ ಎಷ್ಟು ಹೊತ್ತಾಯಿತು ಎಂದು ಅಳೆಯುತ್ತದೆ, ಅಷ್ಟೆ. ಮೊದಲು ಮನೆಯ ರೌಟರನ್ನು ಕೂಗಬೇಕು. ಅದರ ವಿಳಾಸ ಸಾಮಾನ್ಯವಾಗಿ 192.168.1.1. ಅದು ಓಗೊಟ್ಟರೆ ಹೊರಜಗತ್ತಿನ 8.8.8.8 ಎಂಬ ವಿಳಾಸವನ್ನು ಕೂಗಬೇಕು. ಅದೂ ಬಂದರೆ ಇಂಟರ್ನೆಟ್ ಇದೆ. ಕೊನೆಗೆ ಸರ್ವರಿನ ಹೆಸರನ್ನು ಕೂಗಬೇಕು. ಅದೇ ಸರ್ವರಿನ ಅಂಕಿ ಕೊಟ್ಟಾಗ ಸಿಕ್ಕ ಉತ್ತರ ಹೆಸರು ಕೊಟ್ಟಾಗ ಸಿಗದಿದ್ದರೆ ಕೆಟ್ಟಿರುವುದು ಹೆಸರಿನಿಂದ ಅಂಕಿ ಹುಡುಕಿಕೊಡುವ ಡಿಎನ್‌ಎಸ್. ರೌಟರಿನಲ್ಲಿ ಡಿಎನ್‌ಎಸ್ ವಿಳಾಸವನ್ನು ಬದಲಿಸಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ.

ಪಿಂಗ್ ತೋರಿಸುವ ಕಾಲವೂ ಮಾತಾಡುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ. ಜಹೀರಾಬಾದಿನಿಂದ ಹೈದರಾಬಾದಿಗೆ ಹೋಗಿಬರುವ ಓಟಕ್ಕೆ ಒಂದೆರಡು ಮಿಲಿಸೆಕೆಂಡು ಸಾಕು. ನಡುವಿನ ಯಂತ್ರಗಳ ಹೊತ್ತು ಸೇರಿಸಿದರೂ ಹತ್ತಿಪ್ಪತ್ತು. ಅಲ್ಲಿ 300, 400 ಎಂದು ಕಂಡರೆ ದಾರಿ ಎಲ್ಲೋ ಸುತ್ತು ಹೊಡೆಯುತ್ತಿದೆ ಅಥವಾ ಕಿಕ್ಕಿರಿದಿದೆ. ಜಹೀರಾಬಾದಿನ ದತ್ತಾಂಶ ಪಕ್ಕದ ಬೀದರಿನ ಯಂತ್ರವನ್ನು ಮುಟ್ಟಲು ಹೈದರಾಬಾದು, ಮುಂಬೈ ಸುತ್ತಿಬರುವುದು ಅಸಂಭವವೇನಲ್ಲ. ಕಂಪನಿಗಳ ಕೇಬಲ್ಲುಗಳು ಎಲ್ಲಿ ಕೂಡುತ್ತವೆಯೋ ಅಲ್ಲೇ ಅದರ ತಿರುವು. ಈ ಸುತ್ತನ್ನು ಹೆಜ್ಜೆಹೆಜ್ಜೆಯಾಗಿ ತೋರಿಸುವ ಉಪಕರಣ ‘ಟ್ರೇಸ್‌ರೂಟ್’. ಒಂದು ಎಚ್ಚರ: ನಡುವೆ ನಕ್ಷತ್ರ ಚಿಹ್ನೆ ಬಂತೆಂದು ಅಲ್ಲೇ ದಾರಿ ಕಡಿದಿದೆ ಎನ್ನಬಾರದು. ಕೆಲವು ಯಂತ್ರಗಳು ಸಾಗಿಹೋಗಲು ಬಿಡುತ್ತವೆ, ತಾವು ಮಾತಾಡುವುದಿಲ್ಲ. ನಕ್ಷತ್ರಗಳು ಕೊನೆಯವರೆಗೂ ಮುಂದುವರಿದರೆ ಮಾತ್ರ ಅನುಮಾನ ಪಡಬೇಕು.

ಬಾಗಿಲಲ್ಲಿ ಸಿಗುವ ಮೂರು ಉತ್ತರ

ಯಂತ್ರದ ತನಕ ದಾರಿ ಸರಿಯಿದ್ದೂ ಒಳಗೆ ಹೋಗಲಾಗದಿದ್ದರೆ ಪರದೆಯ ಮೇಲಿನ ಇಂಗ್ಲಿಷ್ ಸಾಲನ್ನು ಅಕ್ಷರ ಬಿಡದೆ ಓದಬೇಕು. ನಮ್ಮಲ್ಲಿ ‘ಏನೋ ಎರರ್ ಬಂತು’ ಎಂದು ಕಿಟಕಿ ಮುಚ್ಚಿಬಿಡುವವರೇ ಹೆಚ್ಚು. ಉತ್ತರ ಅದೇ ಸಾಲಿನಲ್ಲಿರುತ್ತದೆ.

ನೆಂಟರ ಮನೆಯ ಕದ ತಟ್ಟಿದ್ದೀರಿ ಎಂದುಕೊಳ್ಳಿ. ಎಷ್ಟು ಹೊತ್ತು ತಟ್ಟಿದರೂ ಸದ್ದಿಲ್ಲ. ಇದು ‘ಕನೆಕ್ಷನ್ ಟೈಮ್ಡ್ ಔಟ್’. ಮನೆಯೇ ಖಾಲಿಯಿರಬಹುದು, ಇಲ್ಲವೇ ಗೇಟಿನ ಕಾವಲುಗಾರ ನಿಮ್ಮ ಸದ್ದನ್ನು ಒಳಕ್ಕೆ ಬಿಡದೆ ನುಂಗಿರಬಹುದು. ಆ ಕಾವಲುಗಾರನೇ ಫೈರ್‌ವಾಲ್. ಎರಡನೆಯದು, ತಟ್ಟಿದ ತಕ್ಷಣ ಒಳಗಿನಿಂದ ‘ಈ ಬಾಗಿಲಲ್ಲಿ ಯಾರೂ ಇಲ್ಲ’ ಎಂಬ ಉತ್ತರ. ಅದು ‘ಕನೆಕ್ಷನ್ ರೆಫ್ಯೂಸ್ಡ್’. ಇದನ್ನು ಕಂಡು ಎದೆಗುಂದಬೇಕಿಲ್ಲ. ಸಾಮಾನ್ಯವಾಗಿ ಯಂತ್ರ ಬದುಕಿದೆ, ದಾರಿ ಸರಿಯಿದೆ, ಲಾಗಿನ್ ಸೇವೆ ಮಾತ್ರ ನಿಂತಿದೆ ಅಥವಾ ಬೇರೆ ಬಾಗಿಲಿಗೆ ಹೋಗಿದೆ. ಮೂರನೆಯದು ‘ಪರ್ಮಿಷನ್ ಡಿನೈಡ್’. ಕದ ತೆರೆದರು, ಮುಖ ನೋಡಿದರು, ಗುರುತಿಲ್ಲವೆಂದರು. ಈಗ ನೆಟ್‌ವರ್ಕ್ ಕಂಪನಿಗೆ ಬೈದು ಫಲವಿಲ್ಲ. ಹೆಸರು, ಪಾಸ್‌ವರ್ಡ್, ಕೀಲಿ, ಇವುಗಳಲ್ಲಿ ಒಂದು ತಪ್ಪಿದೆ.

ಆ ಬಾಗಿಲಿಗೆ ಸಂಖ್ಯೆಯೂ ಉಂಟು. ಲಿನಕ್ಸ್ ಸರ್ವರುಗಳಲ್ಲಿ ಎಸ್‌ಎಸ್‌ಎಚ್ ಎಂಬ ಲಾಗಿನ್ ಸೇವೆ 22ನೆಯ ಪೋರ್ಟಿನಲ್ಲಿ ಕೂತಿರುತ್ತದೆ, ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್ 3389ರಲ್ಲಿ. ಎಸ್‌ಎಸ್‌ಎಚ್ ಹುಟ್ಟಿದ್ದು 1995ರಲ್ಲಿ, ಫಿನ್‌ಲೆಂಡಿನಲ್ಲಿ. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡುಗಳನ್ನು ಕದ್ದು ಕೇಳುತ್ತಿದ್ದುದು ಪತ್ತೆಯಾದ ಮೇಲೆ ಟಾಟು ಉಲೋನೆನ್ ಇದನ್ನು ಬರೆದರು. ಅದಕ್ಕೂ ಮೊದಲಿದ್ದ ಟೆಲ್‌ನೆಟ್ 23ನೆಯ ಬಾಗಿಲಲ್ಲಿ ಪಾಸ್‌ವರ್ಡನ್ನು ಬಟಾಬಯಲಲ್ಲಿ ಕಳಿಸುತ್ತಿತ್ತು. ಎಫ್‌ಟಿಪಿಯ 21 ಮತ್ತು ಟೆಲ್‌ನೆಟ್‌ನ 23ರ ನಡುವೆ ಖಾಲಿಯಿದ್ದ 22ನ್ನು ಉಲೋನೆನ್ ಕೇಳಿ ಪಡೆದರು.

ಕೀಲಿಯ ಕಡತದಿಂದ ಲಾಗಿನ್ ಆಗುವವರಿಗೆ ಒಂದು ಸೂಕ್ಷ್ಮ. ಖಾಸಗಿ ಕೀಲಿಯ ಕಡತವನ್ನು ಅದೇ ಕಂಪ್ಯೂಟರಿನ ಬೇರೆ ಬಳಕೆದಾರರೂ ಓದಬಹುದಾದ ಹಾಗಿದ್ದರೆ ಎಸ್‌ಎಸ್‌ಎಚ್ ಅದನ್ನು ಬಳಸಲು ಒಪ್ಪುವುದೇ ಇಲ್ಲ. ಕಡತದ ಹಕ್ಕನ್ನು 600ಕ್ಕೆ ಇಳಿಸಿ, ಅಂದರೆ ಒಡೆಯನಿಗೆ ಮಾತ್ರ ಎಂದು ಮಾಡಿದರೆ ಕೆಲಸ ನಡೆಯುತ್ತದೆ. ಇನ್ನೊಂದು ಸೂಕ್ಷ್ಮ: ಪಾಸ್‌ವರ್ಡನ್ನು ಮತ್ತೆಮತ್ತೆ ತಪ್ಪು ಒತ್ತಿದರೆ ಸರ್ವರಿನ ಕಾವಲು ತಂತ್ರಾಂಶ ನಿಮ್ಮ ವಿಳಾಸವನ್ನೇ ಕೆಲಹೊತ್ತು ಬಹಿಷ್ಕರಿಸುತ್ತದೆ. ಆಮೇಲೆ ಸರಿಯಾದುದನ್ನು ಒತ್ತಿದರೂ ಸದ್ದಿಲ್ಲ. ಇದನ್ನು ಗೊತ್ತುಮಾಡಿಕೊಳ್ಳಲು ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿ ಇನ್ನೊಮ್ಮೆ ನೋಡಿ. ಅಲ್ಲಿಂದ ತೆರೆದು, ಮನೆಯ ಲೈನಿನಿಂದ ತೆರೆಯದಿದ್ದರೆ ಬಹಿಷ್ಕಾರವೇ ಇರಬೇಕೆಂಬ ಅನುಮಾನ ಬಲವಾಗುತ್ತದೆ. ಹಾಗೆಯೇ, ‘ಹೋಸ್ಟ್ ಕೀ ಬದಲಾಗಿದೆ’ ಎಂಬ ದೊಡ್ಡಕ್ಷರದ ಎಚ್ಚರಿಕೆ ಬಂದಾಗ ಕಣ್ಣುಮುಚ್ಚಿ ಹೌದೆನ್ನಬೇಡಿ. ಸರ್ವರನ್ನು ಹೊಸದಾಗಿ ಸ್ಥಾಪಿಸಿರಬಹುದು, ನಡುವೆ ಯಾರೋ ವೇಷ ಹಾಕಿ ಕೂತಿರಲೂಬಹುದು. ಅತ್ತಕಡೆಯವರಿಗೆ ಫೋನ್ ಮಾಡಿ ಕೀಲಿಯ ಬೆರಳಚ್ಚನ್ನು ಓದಿಸಿ, ತಾಳೆ ನೋಡಿದ ಮೇಲೆ ಮುಂದುವರಿಯಬೇಕು.

ಹೊರಗಿನಿಂದ ಒಳಕ್ಕೆ ಬರಲಾಗದ ಮನೆಗಳು

ಹಳ್ಳಿಯ ಕಡೆ ಇನ್ನೊಂದು ತೊಡಕು ಪದೇಪದೇ ಎದುರಾಗುತ್ತದೆ. ಊರಿನ ಮನೆಯಲ್ಲೋ ಅಂಗಡಿಯಲ್ಲೋ ಒಂದು ಕಂಪ್ಯೂಟರ್, ಒಂದು ಕ್ಯಾಮೆರಾ ಇಟ್ಟು ಅದನ್ನು ಬೆಂಗಳೂರಿನಿಂದ ತೆರೆಯಬೇಕೆಂದು ಹೊರಟರೆ ಬಾಗಿಲೇ ಸಿಗುವುದಿಲ್ಲ. ಕಾರಣ ವಿಳಾಸದ ಬರ. ಹಳೆಯ ಮಾದರಿಯ ಇಂಟರ್ನೆಟ್ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಏಷ್ಯಾ-ಪೆಸಿಫಿಕ್ ವಲಯದ ದಾಸ್ತಾನು 2011ರ ಏಪ್ರಿಲಿನಲ್ಲೇ ತಳಮುಟ್ಟಿತು. ಹಾಗಾಗಿ ಮೊಬೈಲ್ ಕಂಪನಿಗಳು, ಎಷ್ಟೋ ಬ್ರಾಡ್‌ಬ್ಯಾಂಡ್ ಕಂಪನಿಗಳು ನೂರಾರು ಗ್ರಾಹಕರನ್ನು ಒಂದೇ ಹೊರವಿಳಾಸದ ಹಿಂದೆ ಕೂರಿಸುತ್ತವೆ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ಒಳಬರಲಾರರು. ನಿಮ್ಮ ರೌಟರಿನ ಹೊರಮುಖದ ವಿಳಾಸ 100.64ರಿಂದ 100.127ರ ಒಳಗೆ ಶುರುವಾದರೆ ನೀವು ಇಂಥ ಕೂಡುಕುಟುಂಬದ ಸದಸ್ಯರು.

ಇದಕ್ಕೆ ಉಪಾಯಗಳಿವೆ. ಹೊಸ ಮಾದರಿಯ ಐಪಿವಿ6 ವಿಳಾಸವಿದ್ದರೆ ಅದನ್ನು ಬಳಸಬಹುದು. ಇಲ್ಲವೇ ಊರಿನ ಕಂಪ್ಯೂಟರೇ ಹೊರಗಿನ ಒಂದು ಯಂತ್ರಕ್ಕೆ ಮೊದಲು ಸಂಪರ್ಕ ಕಟ್ಟಿಕೊಂಡು, ಆ ಕೊಳವೆಯ ಮೂಲಕವೇ ನೀವು ಹಿಂದಿರುಗಿ ಬರುವಂತೆ ಏರ್ಪಡಿಸಬಹುದು. ಇದು ರಿವರ್ಸ್ ಟನೆಲ್. ಈ ಮಾತು ತಿಳಿಯದೆ ದಿನಗಟ್ಟಲೆ ರೌಟರಿನ ಸೆಟ್ಟಿಂಗ್ ತಿರುವುತ್ತ ಕೂರುವವರು ಕಡಿಮೆಯಿಲ್ಲ.

ಕಳಚಿದ ಮೊದಲ ಕೊಂಡಿ

ದೂರದ ಯಂತ್ರಕ್ಕೆ ಲಾಗಿನ್ ಆಗುವ ಕೆಲಸ ಹುಟ್ಟಿದ್ದೇ ಕೈಕೊಡುತ್ತ. 1969ರ ಅಕ್ಟೋಬರ್ 29ರ ರಾತ್ರಿ, ಇಂಟರ್ನೆಟ್ಟಿನ ಮುತ್ತಜ್ಜ ಎನ್ನಬಹುದಾದ ಅರ್ಪಾನೆಟ್‌ನಲ್ಲಿ ಮೊದಲ ಸಂದೇಶ ಹೊರಟಿತು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ಚಾರ್ಲಿ ಕ್ಲೈನ್, ಐನೂರು ಕಿಲೋಮೀಟರಿಗೂ ಆಚೆ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಬಿಲ್ ಡುವಾಲ್. ಒತ್ತಬೇಕಿದ್ದುದು ‘ಲಾಗಿನ್’ ಎಂಬ ಪದ. ‘ಎಲ್’ ಹೋಯಿತು, ‘ಓ’ ಹೋಯಿತು, ಅತ್ತಕಡೆಯ ಯಂತ್ರ ಕುಸಿಯಿತು. ಒಂದು ಗಂಟೆಯ ಬಳಿಕ ರಿಪೇರಿಯಾಗಿ ಪೂರ್ತಿ ಲಾಗಿನ್ ಆಯಿತು. ಗಮನಿಸಬೇಕಾದದ್ದು, ಆ ಹೊತ್ತಿನಲ್ಲಿ ಇಬ್ಬರೂ ದೂರವಾಣಿಯಲ್ಲಿ ಮಾತಾಡುತ್ತಿದ್ದರು. ಕಂಪ್ಯೂಟರಿನ ದಾರಿ ಕಡಿದಾಗ ಏನಾಯಿತೆಂದು ಹೇಳಲು ಬೇರೊಂದು ದಾರಿ ಕೈಯಲ್ಲಿತ್ತು.

ಆ ಎರಡನೆಯ ದಾರಿ ಇಲ್ಲದಿದ್ದರೆ ಏನಾಗುತ್ತದೆಂದು 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಕಂಪನಿ ಜಗತ್ತಿಗೆ ತೋರಿಸಿತು. ನಿರ್ವಹಣೆಯ ಒಂದು ತಪ್ಪು ಆದೇಶ ಅವರ ದತ್ತಾಂಶ ಕೇಂದ್ರಗಳ ನಡುವಿನ ಬೆನ್ನೆಲುಬನ್ನೇ ಕಳಚಿತು. ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಮ್ ಸುಮಾರು ಆರು ಗಂಟೆ ಮಾಯವಾದವು. ಸರಿಪಡಿಸಬೇಕಾದ ಎಂಜಿನಿಯರುಗಳು ಒಳಹೋಗಲು ಬಳಸುವ ಸಲಕರಣೆಗಳೂ ಅದೇ ಜಾಲದ ಮೇಲೆ ನಿಂತಿದ್ದವು, ತುರ್ತಿನ ಬದಲಿ ಜಾಲವೂ ಕೈಕೊಟ್ಟಿತು. ಕಡೆಗೆ ಎಂಜಿನಿಯರುಗಳನ್ನು ಕಟ್ಟಡಕ್ಕೇ ಕಳಿಸಬೇಕಾಯಿತು. ಅಲ್ಲಿಯ ಭದ್ರತೆ ದಾಟಿ ಯಂತ್ರದ ಮೇಲೆ ಕೈಯಿಡಲು ಇನ್ನಷ್ಟು ಹೊತ್ತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ದೋಷಪೂರ್ಣ ಅಪ್‌ಡೇಟು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿದಾಗಲೂ ಇದೇ ಪಾಡು. ಯಂತ್ರ ಪೂರ್ತಿ ಏಳುವ ಮೊದಲೇ ಕುಸಿಯುತ್ತಿದ್ದುದರಿಂದ ದೂರದಿಂದ ಏನೂ ಮಾಡಲಾಗದೆ ಎಷ್ಟೋ ಕಡೆ ಒಂದೊಂದು ಯಂತ್ರದ ಮುಂದೆ ಒಬ್ಬೊಬ್ಬರು ಕೂರಬೇಕಾಯಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಅಂದು ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು.

ಸಣ್ಣ ಸರ್ವರ್ ನೋಡಿಕೊಳ್ಳುವವರಿಗೂ ಪಾಠ ಇದೇ. ದೂರದ ಯಂತ್ರದ ಫೈರ್‌ವಾಲ್ ಬದಲಿಸುವ ಮುನ್ನ 22ನೆಯ ಬಾಗಿಲಿಗೆ ಅನುಮತಿ ಬರೆದಿಡಬೇಕು. ತೆರೆದಿರುವ ಲಾಗಿನ್ ಮುಚ್ಚದೆ ಇನ್ನೊಂದು ಕಿಟಕಿಯಲ್ಲಿ ಹೊಸ ಲಾಗಿನ್ ಆಗುತ್ತದೆಯೇ ನೋಡಬೇಕು. ಹತ್ತು ನಿಮಿಷದಲ್ಲಿ ಹಳೆಯ ಸ್ಥಿತಿಗೆ ತಾನೇ ಮರಳುವಂತೆ ಮೊದಲೇ ಆದೇಶ ಕೊಟ್ಟು, ಎಲ್ಲ ಸರಿಯಿದ್ದರೆ ಮಾತ್ರ ಅದನ್ನು ರದ್ದುಮಾಡಬೇಕು. ಸರ್ವರ್ ಬಾಡಿಗೆಗೆ ಕೊಟ್ಟ ಕಂಪನಿಯ ‘ಕನ್ಸೋಲ್’ ಎಲ್ಲಿದೆ, ಅದರ ಪಾಸ್‌ವರ್ಡ್ ಯಾರ ಬಳಿಯಿದೆ ಎಂಬುದನ್ನು ತೊಂದರೆ ಬರುವ ಮುಂಚೆಯೇ ಕಾಗದದಲ್ಲಿ ಬರೆದಿಡಬೇಕು.

ಕೀಲಿ ಯಾರ ಕೈಯಲ್ಲಿ

ದೂರಪ್ರವೇಶಕ್ಕೆ ಒಂದು ಕರಾಳ ಮುಖವೂ ಇದೆ. ಬ್ಯಾಂಕಿನವರೆಂದು ಹೇಳಿಕೊಂಡು ಫೋನ್ ಮಾಡಿ, ಪರದೆ ಹಂಚುವ ಆ್ಯಪ್ ಹಾಕಿಸಿ, ಅದು ತೋರಿಸುವ ಒಂಬತ್ತಂಕಿಯ ಸಂಖ್ಯೆ ಕೇಳಿ ಖಾತೆ ಬೋಳಿಸುವವರಿದ್ದಾರೆ. ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಇಂಥ ಆ್ಯಪ್‌ಗಳ ದುರ್ಬಳಕೆಯ ಬಗ್ಗೆ ಎಚ್ಚರಿಸಿತ್ತು. ತಾನಾಗಿ ಸಹಾಯಕ್ಕೆ ಬಂದ ಅಪರಿಚಿತನಿಗೆ ಪರದೆ ತೋರಿಸಬಾರದು. ತೋರಿಸಿ ಮೋಸಹೋದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು.

ಯಂತ್ರದ ಕೀಲಿ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗೆ ಜಹೀರಾಬಾದಿನ ಪಕ್ಕದ ಪಸ್ತಾಪುರ ಕಂಪ್ಯೂಟರಿಗಿಂತ ಹಳೆಯ ಉಪಕರಣಗಳಲ್ಲಿ ಉತ್ತರ ಹುಡುಕಿತು. 1983ರಲ್ಲಿ ಇಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಹುಟ್ಟಿತು. ಕಟ್ಟಿದವರಲ್ಲಿ ಮುಖ್ಯರು ಪಿ.ವಿ. ಸತೀಶ್. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದರು. 1975-76ರಲ್ಲಿ ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತಲುಪಿಸಿದ ‘ಸೈಟ್’ ಪ್ರಯೋಗದಲ್ಲಿ ದುಡಿದಿದ್ದರು. ಆ ಪ್ರಯೋಗದಲ್ಲಿ ಮಾತು ಆಕಾಶದಿಂದ ಹಳ್ಳಿಗೆ ಇಳಿಯುತ್ತಿತ್ತು, ಹಳ್ಳಿಯಿಂದ ಏರುತ್ತಿರಲಿಲ್ಲ. ಪಸ್ತಾಪುರದಲ್ಲಿ ಅವರು ಮಾಡಿದ್ದು ಇದರ ತಿರುಗುಮುರುಗು. ಸಿರಿಧಾನ್ಯ ಬೆಳೆಯುವ ಬಡ ದಲಿತ ಹೆಣ್ಣುಮಕ್ಕಳ ಸಂಘಗಳ ಸದಸ್ಯೆಯರೇ ಕ್ಯಾಮೆರಾ ಹಿಡಿದರು. ಮೇಲಿನಿಂದ ಕೆಳಗೆ ನೋಡುವ ಕೋನಕ್ಕೆ ಅವರು ಇಟ್ಟ ಹೆಸರು ಪಟೇಲ ಶಾಟ್, ಕಣ್ಣಿಗೆ ಕಣ್ಣು ಸಮವಾಗಿ ಹಿಡಿಯುವುದಕ್ಕೆ ಸಂಘಂ ಶಾಟ್.

ರೇಡಿಯೊ ಕತೆ ಇನ್ನೂ ಹತ್ತಿರದ್ದು. ಯುನೆಸ್ಕೊ ನೆರವಿನಿಂದ ಸೊಸೈಟಿ ಅದೇ ಸೀಮೆಯ ಮಾಚನೂರಿನಲ್ಲಿ ಸ್ಟುಡಿಯೊ ಕಟ್ಟಿದ್ದು 1990ರ ದಶಕದ ಕೊನೆಯಲ್ಲಿ. ಪ್ರಸಾರಕ್ಕೆ ಪರವಾನಗಿ ಇರಲಿಲ್ಲ. ಗಾಳಿಯಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದ್ದರೂ ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ರೇಡಿಯೊ ನಡೆಸಲು ಸರ್ಕಾರ ಅವಕಾಶ ಕೊಟ್ಟಿದ್ದು 2006ರಲ್ಲಿ. ಅಲ್ಲಿಯತನಕ ಹೆಣ್ಣುಮಕ್ಕಳು ಕೈಕಟ್ಟಿ ಕೂರಲಿಲ್ಲ. ಕಾರ್ಯಕ್ರಮಗಳನ್ನು ಕ್ಯಾಸೆಟ್ಟಿಗೆ ತುಂಬಿ ಸಂಘದ ಸಭೆಗಳಲ್ಲಿ ಕೇಳಿಸಿದರು. ಗಾಳಿಯ ದಾರಿ ಮುಚ್ಚಿದ್ದಾಗ ನೆಲದ ದಾರಿಯಲ್ಲಿ ಮಾತು ಊರೂರು ಮುಟ್ಟಿತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಕೂಡ ಗಾಳಿಯನ್ನು ಬಿಟ್ಟು ಕೇಬಲ್ ಹಿಡಿದು ಮನೆಗಳನ್ನು ತಲುಪಿತ್ತು. ಕೊನೆಗೆ 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೊ 90.4 ಮೆಗಾಹರ್ಟ್ಸ್‌ನಲ್ಲಿ ಬಾಯಿ ತೆರೆಯಿತು. ಅದರ ದನಿ ಸುತ್ತ 25 ಕಿಲೋಮೀಟರಿನಷ್ಟು ದೂರ ಕೇಳುತ್ತದೆ. ಅಲ್ಲಿ ಧ್ವನಿಮುದ್ರಣ, ಸಂಕಲನ, ಪ್ರಸಾರ ಮಾಡುವವರು ಅದೇ ಸೀಮೆಯ ಹೆಣ್ಣುಮಕ್ಕಳು. ಸತೀಶ್ 2023ರ ಮಾರ್ಚ್ 19ರಂದು ತೀರಿಕೊಂಡರು.

ರೇಡಿಯೊ ಮತ್ತು ಸರ್ವರ್ ಒಂದೇ ಅಲ್ಲ. ಭೂದಾಖಲೆಯ ಯಂತ್ರವನ್ನು ಮಾಚನೂರಿನಲ್ಲಿ ಇಡಲಾಗದು, ಇಡಬೇಕಾಗಿಯೂ ಇಲ್ಲ. ಆದರೆ ಓದುಬರಹ ಬಾರದವರೆಂದು ಲೋಕ ಬದಿಗಿಟ್ಟಿದ್ದ ಹೆಣ್ಣುಮಕ್ಕಳು ಕ್ಯಾಮೆರಾ, ಪ್ರಸಾರ ಯಂತ್ರ ಕಲಿಯಬಲ್ಲರಾದರೆ, ಡಿಗ್ರಿ ಮುಗಿಸಿ ಸೇವಾ ಕೇಂದ್ರದಲ್ಲಿ ಕೂತವರು ಪಿಂಗ್ ಮಾಡಿ ನೋಡುವುದನ್ನು ಕಲಿಯಲಾರರೇ? ಕಲಿಸುವ ಮನಸ್ಸು ಮಾಡಿದವರಿಲ್ಲ, ಅಷ್ಟೆ. ಗಡಿಯ ಎರಡೂ ಕಡೆಯ ಸರ್ಕಾರಗಳು ಕೇಂದ್ರಗಳಿಗೆ ಕಂಪ್ಯೂಟರು, ಪ್ರಿಂಟರು, ಬೆರಳಚ್ಚಿನ ಯಂತ್ರ ಕೊಟ್ಟಿವೆ. ತಪ್ಪು ಹುಡುಕುವ ತರಬೇತಿಯೂ ಅದರ ಜೊತೆಗೆ ಬರಬೇಕಿತ್ತು.

ಆಗಬೇಕಾದ್ದು ಹೆಚ್ಚೇನಿಲ್ಲ. ಪ್ರತಿ ಕೇಂದ್ರದಲ್ಲಿ ಒಂದು ದಾಖಲೆ ಪುಸ್ತಕವಿರಲಿ. ಸಂಪರ್ಕ ತಪ್ಪಿದ ಹೊತ್ತು, ಪರದೆಯ ಮೇಲಿನ ಸಾಲು, ರೌಟರ್ ಓಗೊಟ್ಟಿತೇ, ಹೊರಗಿನ ವಿಳಾಸ ಓಗೊಟ್ಟಿತೇ, ಸರ್ವರ್ ಓಗೊಟ್ಟಿತೇ ಎಂಬ ಉತ್ತರಗಳು ಅದರಲ್ಲಿ ಬೀಳಲಿ. ಆಗ ಜನರನ್ನು ಲೈನ್‌ಮ್ಯಾನ್ ಬಳಿ ಕಳಿಸಬೇಕೋ, ನಾಳೆ ಬನ್ನಿ ಎನ್ನಬೇಕೋ, ಹತ್ತು ನಿಮಿಷ ಕೂರಿ ಎನ್ನಬೇಕೋ ಎಂಬುದು ಖಚಿತವಾಗಿ ತಿಳಿಯುತ್ತದೆ. ತಿಂಗಳ ಕೊನೆಗೆ ಆ ಪುಸ್ತಕ ನೋಡಿದರೆ ನಿಜಕ್ಕೂ ಸರ್ವರಿನ ತಪ್ಪೆಷ್ಟು, ಕೇಬಲ್ಲಿನದೆಷ್ಟು, ಕರೆಂಟಿನದೆಷ್ಟು ಎಂದು ಜಿಲ್ಲಾಡಳಿತಕ್ಕೂ ಗೊತ್ತಾಗುತ್ತದೆ. ಜೊತೆಗೆ ಸಂಪರ್ಕ ಇಲ್ಲದ ದಿನ ಅರ್ಜಿಯನ್ನು ಕಾಗದದಲ್ಲಿ ಪಡೆದು ರಸೀದಿ ಕೊಡುವ ಎರಡನೆಯ ದಾರಿಯೂ ನಿಯಮದಲ್ಲೇ ಇರಬೇಕು. ಕೂಲಿ ಬಿಟ್ಟು ಬಂದವರಿಗೆ ಅದು ಉಪಕಾರವಲ್ಲ, ಹಕ್ಕು.

ಇತ್ತ ಒಂದೊಂದು ಹೋಬಳಿಗೆ, ಅತ್ತ ಒಂದೊಂದು ಮಂಡಲಕ್ಕೆ, ಈ ಕೆಲಸ ಬಲ್ಲ ಇಬ್ಬರನ್ನು ಅದೇ ಊರುಗಳಿಂದ ಆರಿಸಿ ತಯಾರುಮಾಡಿ. ಅವರಲ್ಲಿ ಒಬ್ಬಳಾದರೂ ಹೆಣ್ಣುಮಗಳಿರಲಿ.